ಏಳು ಹೆಸರಿನ ಒಂದು ಕಲ್ಲುಮನೆ: ವಾಲ್ ಮೈರಾದಲ್ಲಿ ಹಳೆಯ ಮನೆ ಕೊಂಡು ದುರಸ್ತಿ ಮಾಡಬಹುದೇ?

ಗಿರಿಯ ಬದಿ (ತೋರಿನೊ)

ಎಲ್ಲರಿಗೂ ನಮಸ್ಕಾರ. ನಾವು ಇಟಲಿಯ ತೋರಿನೊಗೆ (ಟ್ಯೂರಿನ್) ಬಂದು ಒಂಬತ್ತು ವರ್ಷವಾಯಿತು. ನಾಲ್ಕನೇ ಮಹಡಿಯ ಬಾಡಿಗೆ ಮನೆ. ಚಳಿಗಾಲದ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಆಲ್ಪ್ಸ್ ಬೆಳ್ಳಗೆ ಕಾಣುತ್ತದೆ. ಕಂಡಾಗಲೆಲ್ಲ ನನ್ನ ಹೆಂಡತಿ "ಅಲ್ಲೊಂದು ಮನೆ ಇರಬೇಕಿತ್ತು" ಎನ್ನುತ್ತಾಳೆ. ಇಷ್ಟು ದಿನ ಅದು ಬರೀ ಮಾತಾಗಿತ್ತು. ಈ ಬೇಸಿಗೆಯಲ್ಲಿ ಮಾತು ಕೈಮೀರಿದೆ.

ಕೂನೆಯೊ ಪ್ರಾಂತ್ಯದಲ್ಲಿ ವಾಲ್ ಮೈರಾ ಎಂಬ ಕಣಿವೆ ಇದೆ. ದ್ರೋನೆರೊ ಊರು ದಾಟಿದ ಮೇಲೆ ರಸ್ತೆ ನದಿಯ ಪಕ್ಕದಲ್ಲೇ ಏರುತ್ತದೆ, ಎಡಬಲಕ್ಕೆ ಸಣ್ಣ ಕಣಿವೆಗಳು ಕವಲೊಡೆಯುತ್ತವೆ. ಅಂಥ ಒಂದು ಕವಲಿನಲ್ಲಿ, ಸುಮಾರು 1,300 ಮೀಟರ್ ಎತ್ತರದಲ್ಲಿ, ಹನ್ನೊಂದು ಮನೆಗಳ ಒಂದು ಬೊರ್ಗಾತಾ. ನಮ್ಮ ಕಡೆಯ ಕೇರಿ ಅನ್ನಿ. ಚಳಿಗಾಲದಲ್ಲಿ ಹೊಗೆ ಏಳುವುದು ಎರಡೇ ಮನೆಗಳಿಂದ.

ನಾವು ನೋಡಿದ ಮನೆಯ ಬಾಗಿಲಿನ ಮೇಲಿನ ಮರದಲ್ಲಿ 1826 ಎಂದು ಕೆತ್ತಿದೆ. ಕೆಳಗೆ ಕಲ್ಲಿನ ಕಮಾನಿನ ಕೊಟ್ಟಿಗೆ, ಅದರ ಮೇಲೆ ಎರಡು ಕೋಣೆ, ಅದರ ಮೇಲೆ ಹುಲ್ಲಿನ ಅಟ್ಟ. ಹಿಂದಿನವರು ಚಳಿಗಾಲದ ಸಂಜೆಗಳನ್ನು ದನಗಳ ಜೊತೆ ಆ ಕೊಟ್ಟಿಗೆಯಲ್ಲೇ ಕಳೆಯುತ್ತಿದ್ದರಂತೆ, ದನದ ಮೈಬಿಸಿಯೇ ಅವರ ಹೀಟರ್. ಮಾಡಿಗೆ ಹೊದಿಸಿರುವುದು ಹೆಂಚಲ್ಲ, ಕಲ್ಲಿನ ಚಪ್ಪಡಿ. ಇಲ್ಲಿಯವರು 'ಲೋಸೆ' ಎನ್ನುತ್ತಾರೆ. ಉತ್ತರದ ಬದಿಯ ಮಾಡು ಅರ್ಧ ಕುಸಿದಿದೆ. ಒಳಗೆ ಒಂದು ಕಾಡುಮರ ಬೆಳೆದು ನಿಂತು, ಮಾಡಿನ ತೂತಿನಿಂದ ತಲೆ ಹೊರಹಾಕಿದೆ.

ಕೇಳುತ್ತಿರುವ ಬೆಲೆ 34,000 ಯೂರೋ. ಕೆಲಸಗಾರರು ಕೊಟ್ಟ ಅಂದಾಜು ಬರೆಯಲು ಕೈ ಬರುತ್ತಿಲ್ಲ. ಅದು ಮನೆಯ ಬೆಲೆಯ ಆರು ಪಟ್ಟು.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಬೇರೆ. ಕಾತಾಸ್ತೊದಲ್ಲಿ, ಅಂದರೆ ಇಲ್ಲಿನ ಭೂದಾಖಲೆಯಲ್ಲಿ, ಈ ಮನೆಗೆ ಏಳು ಮಂದಿಯ ಹೆಸರಿದೆ. ಏಳರಲ್ಲಿ ಮೂವರು ತೀರಿಕೊಂಡಿದ್ದಾರೆ. ಇಲ್ಲಿ ಮನೆ ಕೊಂಡವರು, ಕೊಳ್ಳಲು ಹೋಗಿ ಬಿಟ್ಟವರು, ಕಟ್ಟಡದ ಕೆಲಸ ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತುಂಗೆಯ ದಡ (ತೀರ್ಥಹಳ್ಳಿ)

ಬೇಸರ ಮಾಡಿಕೊಳ್ಳಬೇಡಿ ಸ್ವಾಮಿ. ನಮ್ಮೂರಲ್ಲಿ ಒಂದು ಹೋಬಳಿಗೆ ಹತ್ತರಂತೆ ತೊಟ್ಟಿಮನೆಗಳು ಸೋರಿ ಬೀಳುತ್ತಿವೆ. ಅವುಗಳ ಮಕ್ಕಳೆಲ್ಲ ಬೆಂಗಳೂರು, ಅಮೆರಿಕ. ನೀವು ಹೋಗಿ ಹೋಗಿ ಇಟಲಿಯವರ ಅಜ್ಜನ ಕೊಟ್ಟಿಗೆಗೆ ಮಾಡು ಹೊದಿಸಲು ಹೊರಟಿದ್ದೀರಿ. ನಿಮ್ಮ ಸ್ವಂತ ಅಜ್ಜನ ಮನೆ ಎಲ್ಲಿದೆ?

ಗಿರಿಯ ಬದಿ

ಕೇಳಬೇಕಾದ ಪ್ರಶ್ನೆಯೇ. ಅಜ್ಜನ ಮನೆ ಸಾಗರದ ಹತ್ತಿರ ಇದೆ, ಇನ್ನೂ ನಿಂತಿದೆ. ಹನ್ನೊಂದು ಪಾಲುದಾರರು. 1998ರಿಂದ ವ್ಯಾಜ್ಯ ನಡೆಯುತ್ತಿದೆ. ಹೋದ ಮಳೆಗಾಲದಲ್ಲಿ ದೇವರ ಕೋಣೆಯ ಮೇಲೆ ಸೋರುತ್ತಿತ್ತೆಂದು ನನ್ನ ತಮ್ಮ ನಾಲ್ಕು ಹೆಂಚು ಬದಲಿಸಿದ. ಅದಕ್ಕೆ ಚಿಕ್ಕಪ್ಪನ ಮಗ ವಕೀಲರಿಂದ ನೋಟಿಸ್ ಕೊಡಿಸಿದ. ಅಲ್ಲಿ ಒಂದು ಹೆಂಚು ಮುಟ್ಟುವ ಹಕ್ಕೂ ನನಗಿಲ್ಲ.

ಆದ್ದರಿಂದಲೇ ಇಲ್ಲಿಯ ಏಳು ಹೆಸರು ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು.

ತುಂಗೆಯ ದಡ

ಸರಿ, ನನ್ನ ಮಾತು ಹಿಂತೆಗೆದುಕೊಂಡೆ. ಮುಂದುವರಿಸಿ.

ಮೂರನೇ ಪಾಲು (ಲುನಿಜಾನಾ)

ನಾನು ಮಂಗಳೂರಿನವಳು, ಗಂಡ ಇಟಲಿಯವನು. ತೊಸ್ಕಾನಾದ ಉತ್ತರ ತುದಿಯಲ್ಲಿ ಲುನಿಜಾನಾ ಎಂಬ ಗುಡ್ಡಗಾಡು ಸೀಮೆಯಲ್ಲಿ ಆರು ವರ್ಷದ ಹಿಂದೆ ಇಂಥದ್ದೇ ಒಂದು ಮನೆ ಕೊಂಡೆವು. ಮೂರು ಪಾಲಿನ ಮನೆ, ಮೂರನೇ ಪಾಲೇ ನಮ್ಮನ್ನು ಎರಡು ವರ್ಷ ಸತಾಯಿಸಿತು. ಈ ಹೆಸರು ಇಟ್ಟುಕೊಂಡದ್ದು ಅದರಿಂದ.

ಮೊದಲ ಮಾತು. ಕಾತಾಸ್ತೊದಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ. ಅದು ತೆರಿಗೆಗಾಗಿ ಮಾಡಿದ ದಾಖಲೆ. ಪಹಣಿಯಲ್ಲಿ ಹೆಸರು ಬಂತೆಂದು ನಿಶ್ಚಿಂತರಾಗುವವರಿಗೆ ನಮ್ಮ ಕಡೆ ವಕೀಲರು ಏನು ಹೇಳುತ್ತಾರೋ, ಇಲ್ಲಿಯೂ ಅದೇ. ಹಕ್ಕು ತಿಳಿಯಬೇಕಾದರೆ ನೋಂದಣಿಯಾದ ಪತ್ರಗಳನ್ನು ಹಿಂದಿನ ಇಪ್ಪತ್ತು ವರ್ಷಕ್ಕಾದರೂ ಜಾಲಾಡಬೇಕು. ನೊತಾಯೊ ಆ ಕೆಲಸ ಮಾಡುತ್ತಾರೆ. ನೊತಾಯೊ ಎಂದರೆ ಊರಿನ ನೋಟರಿ ಅಲ್ಲ, ಸಬ್ ರಿಜಿಸ್ಟ್ರಾರ್ ಮತ್ತು ಒಬ್ಬ ಒಳ್ಳೆಯ ವಕೀಲ ಇಬ್ಬರನ್ನೂ ಸೇರಿಸಿ ಒಂದು ಕುರ್ಚಿಯಲ್ಲಿ ಕೂರಿಸಿದಂತೆ. ಅವರನ್ನು ಆರಿಸುವ ಹಕ್ಕು ಹಣ ಕೊಡುವ ನಿಮ್ಮದು. ಮಧ್ಯವರ್ತಿ "ನಮ್ಮವರೇ ಒಬ್ಬರಿದ್ದಾರೆ" ಎಂದರೆ ನಯವಾಗಿ ಬೇಡವೆನ್ನಿ.

ತೀರಿಕೊಂಡ ಮೂವರ ವಾರಸುದಾರರು ವಾರಸಾ ದಾಖಲೆ ಸಲ್ಲಿಸಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಸಲ್ಲಿಸಿಲ್ಲದಿದ್ದರೆ ಮಾರಲು ಹೊರಟವರೇ ಅದನ್ನು ಮುಗಿಸಿಕೊಂಡು ಬರಬೇಕು. ಹಳ್ಳಿಯವರು "ನಾನು ಇಪ್ಪತ್ತು ವರ್ಷದಿಂದ ಅನುಭವಿಸುತ್ತಿದ್ದೇನೆ, ನನ್ನದೇ" ಎಂದೂ ಹೇಳುತ್ತಾರೆ. ಇಪ್ಪತ್ತು ವರ್ಷದ ಸ್ವಾಧೀನದಿಂದ ಹಕ್ಕು ಬರುವುದು ನಿಜ, ಆದರೆ ನ್ಯಾಯಾಲಯದ ತೀರ್ಪಿಲ್ಲದೆ ಅಂಥ ಹಕ್ಕನ್ನು ಕೊಳ್ಳುವುದು ತಲೆನೋವನ್ನು ಕೊಂಡಂತೆ.

ಈಗ ನಮ್ಮ ಕಥೆ. ಕರಾರು ಮಾಡಿಕೊಂಡು ಮುಂಗಡ ಕೊಟ್ಟೆವು. ಇಲ್ಲಿ ಮುಂಗಡಕ್ಕೆ ಕಟ್ಟುನಿಟ್ಟಿನ ನಿಯಮವಿದೆ: ಕೊಳ್ಳುವವರು ಹಿಂದೆ ಸರಿದರೆ ಮುಂಗಡ ಹೋಯಿತು, ಮಾರುವವರು ಸರಿದರೆ ಎರಡರಷ್ಟು ಕೊಡಬೇಕು. ಕರಾರಾದ ಮೇಲೆ ಅಳತೆಗೆ ಬಂದ ಜೆಯೊಮೆತ್ರ (ಸರ್ವೆ, ನಕ್ಷೆ, ಪರವಾನಗಿ ಎಲ್ಲವನ್ನೂ ನೋಡುವವನು) ಹಿಂಬದಿಯ ಒಂದು ಕೋಣೆಯನ್ನು ತೋರಿಸಿ "ಇದು ಯಾವಾಗ ಕಟ್ಟಿದ್ದು?" ಎಂದ. ಯಾರಿಗೂ ಗೊತ್ತಿಲ್ಲ. ಇಟಲಿಯಲ್ಲಿ 1967ರ ಸೆಪ್ಟೆಂಬರ್ 1ಕ್ಕಿಂತ ಮೊದಲು ಕಟ್ಟಿದ ಮನೆಯನ್ನು ಹಾಗೆಂದು ಘೋಷಿಸಿ ಮಾರಬಹುದು. ಆಮೇಲೆ ಕಟ್ಟಿದ್ದಕ್ಕೆ ಪರವಾನಗಿ ತೋರಿಸಬೇಕು. ನಮ್ಮ ಕೋಣೆಯ ಗೋಡೆಯನ್ನು ಕೆರೆದರೆ ಒಳಗೆ ತೂತುಗಳ ಹೊಸ ಇಟ್ಟಿಗೆ. ನೂರು ವರ್ಷದ ಮನೆಯಲ್ಲಿ ಎಪ್ಪತ್ತರ ದಶಕದ ಒಂದು ಬಚ್ಚಲು! ಅದನ್ನು ಸಕ್ರಮ ಮಾಡಿಸಲು ಎಂಟು ತಿಂಗಳು ಹಿಡಿಯಿತು. ನಮಗೆ ಮನೆ ತೋರಿಸಿದ ಮಧ್ಯವರ್ತಿಗೆ ಇದೆಲ್ಲ ಮೊದಲೇ ಗೊತ್ತಿತ್ತೆಂದು ನಂತರ ತಿಳಿಯಿತು.

ಆದ್ದರಿಂದ ಜೆಯೊಮೆತ್ರ ಮೊದಲು, ಮುಂಗಡ ನಂತರ.

ಗಿರಿಯ ಬದಿ

ಮೇಡಂ, ಇಷ್ಟು ಬಿಡಿಸಿ ಬರೆದದ್ದಕ್ಕೆ ಋಣಿ. ಮನೆಯ ಜೊತೆಗೆ ಹಿಂದೆ ಒಂದು ತುಂಡು ಹುಲ್ಲುಗಾವಲೂ ಬರುತ್ತದೆ, ಸುಮಾರು ಅರ್ಧ ಎಕರೆ. ಅದರಲ್ಲೇನಾದರೂ ತೊಡಕಿದೆಯೇ?

ಮೂರನೇ ಪಾಲು

ಇದೆ, ಅದೇ ದೊಡ್ಡ ತೊಡಕು! ಹೊಲಕ್ಕೆ ತಾಗಿದ ಜಮೀನಿನ ಮಾಲೀಕ ಸ್ವತಃ ಉಳುಮೆ ಮಾಡುವ ರೈತನಾಗಿದ್ದರೆ, ಆ ಹೊಲವನ್ನು ನಿಮಗಿಂತ ಮೊದಲು ಕೊಳ್ಳುವ ಹಕ್ಕು ಅವನಿಗಿದೆ. 1965 ಮತ್ತು 1971ರ ಕಾನೂನುಗಳು. ನಿಮ್ಮ ಕರಾರಿನ ಪ್ರತಿಯನ್ನು ನೋಂದಾಯಿತ ಅಂಚೆಯಲ್ಲಿ ಅವನಿಗೆ ಕಳುಹಿಸಬೇಕು, ಅವನಿಗೆ 30 ದಿನ ಸಮಯ. ತಿಳಿಸದೆ ಕೊಂಡರೆ, ಪತ್ರ ನೋಂದಣಿಯಾದ ಒಂದು ವರ್ಷದೊಳಗೆ ಅವನು ಅದೇ ಬೆಲೆಗೆ ನಿಮ್ಮಿಂದ ಬಿಡಿಸಿಕೊಳ್ಳಬಹುದು. "ಪಕ್ಕದವರು ಒಳ್ಳೆಯವರು, ಏನೂ ಹೇಳುವುದಿಲ್ಲ" ಎನ್ನುವ ಮಾತನ್ನು ಕಾಗದದಲ್ಲಿ ಬರೆಸಿ ಸಹಿ ತೆಗೆದುಕೊಳ್ಳಿ.

ತೆರಿಗೆಯೂ ಬೇರೆ. ಖಾಸಗಿಯವರಿಂದ ಮನೆ ಕೊಂಡರೆ ನೋಂದಣಿ ತೆರಿಗೆ ಶೇಕಡಾ 9. ಅದೇ ನಿಮ್ಮ ಮೊದಲ ಮನೆಯಾಗಿದ್ದು, ಹದಿನೆಂಟು ತಿಂಗಳೊಳಗೆ ಆ ಊರಿಗೆ ವಾಸ್ತವ್ಯ ಬದಲಿಸಿದರೆ ಶೇಕಡಾ 2. ರೈತರಲ್ಲದವರು ಕೃಷಿಭೂಮಿ ಕೊಂಡರೆ ಶೇಕಡಾ 15.

ಹೊಸ ಹೆಜ್ಜೆ (ಬೆಂಗಳೂರು)

ಇಟಲಿಯಲ್ಲಿ ಒಂದು ಯೂರೋಗೆ ಮನೆ ಕೊಡುತ್ತಾರಲ್ಲ, ಇವರೇಕೆ 34 ಸಾವಿರ ಕೊಡುತ್ತಿದ್ದಾರೆ? ನಾನೂ ಒಂದು ಕೊಳ್ಳಬೇಕೆಂದಿದ್ದೇನೆ. ವೀಸಾ ಜೊತೆಗೇ ಸಿಗುತ್ತದೆಯೇ?

ಮೂರನೇ ಪಾಲು

ಸಿಗುವುದಿಲ್ಲ. ಮನೆಯ ಪತ್ರ ಹಿಡಿದುಕೊಂಡು ವಿಮಾನ ನಿಲ್ದಾಣದಲ್ಲಿ ನಿಂತರೆ ಯಾರೂ ಒಳಗೆ ಬಿಡುವುದಿಲ್ಲ. ಇಲ್ಲಿ ಕೆಲಸದ ಪರವಾನಗಿಯ ಮೇಲೆ ಕಾನೂನುಬದ್ಧವಾಗಿ ವಾಸಿಸುವವರು ಇಟಲಿಯವರಂತೆಯೇ ಮನೆ ಕೊಳ್ಳಬಹುದು. ಭಾರತದಲ್ಲೇ ಇದ್ದುಕೊಂಡು ಕೊಳ್ಳುವವರ ವಿಷಯದಲ್ಲಿ ಮಾತ್ರ "ನಿಮ್ಮ ದೇಶ ನಮ್ಮವರಿಗೆ ಕೊಡುತ್ತದೆಯೇ" ಎಂಬ ಪರಸ್ಪರತೆಯ ನಿಯಮ ಅಡ್ಡ ಬರುತ್ತದೆ. ನೊತಾಯೊ ಅದನ್ನು ಪರಿಶೀಲಿಸದೆ ಸಹಿ ಹಾಕಿಸುವುದಿಲ್ಲ. ಹಣ ಕಳುಹಿಸುವುದಕ್ಕೂ ರಿಸರ್ವ್ ಬ್ಯಾಂಕಿನ ಮಿತಿ ಇದೆ, ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್.

ಒಂದು ಯೂರೋ ಮನೆಗಳ ಬಗ್ಗೆ: ಸಿಸಿಲಿಯ ಸಾಲೆಮಿ, ಗಾಂಜಿ, ಮುಸ್ಸೊಮೆಲಿ ಮೊದಲಾದ ಊರುಗಳ ಯೋಜನೆ ಅದು. ಸಾಮಾನ್ಯವಾಗಿ ಕೆಲವು ಸಾವಿರ ಯೂರೋ ಠೇವಣಿ ಇಡಬೇಕು, ಗೊತ್ತುಮಾಡಿದ ಅವಧಿಯೊಳಗೆ ದುರಸ್ತಿ ಮುಗಿಸಬೇಕು, ಇಲ್ಲದಿದ್ದರೆ ಠೇವಣಿ ಹೋಗುತ್ತದೆ. ಒಂದು ಯೂರೋ ಎನ್ನುವುದು ಹಸೆಮಣೆಯ ಮೇಲಿನ ಒಂದು ರೂಪಾಯಿ ಇದ್ದಂತೆ. ಮದುವೆಯ ಖರ್ಚು ಬೇರೆ.

ಲೆಕ್ಕದ ಮನುಷ್ಯ (ಬೆರ್ಗಾಮೊ)

ಕಾಗದಪತ್ರದ ಮಾತು ಆಯಿತು, ಇನ್ನು ಗೋಡೆಗೆ ಬರೋಣ. ನಾನು ಸ್ಟ್ರಕ್ಚರಲ್ ಎಂಜಿನಿಯರ್, ಧಾರವಾಡದವನು. ಹಳೆಯ ಕಲ್ಲಿನ ಕಟ್ಟಡಗಳದ್ದೇ ಕೆಲಸ.

ಮೊದಲು ಮಾಡಿನ ತೂಕ. ಲೋಸೆ ಹೊದಿಕೆ ಚದರ ಮೀಟರಿಗೆ ಸುಮಾರು 150 ಕಿಲೋ ತೂಗುತ್ತದೆ, ಹಳೆಯ ದಪ್ಪ ಚಪ್ಪಡಿಗಳಾದರೆ ಇನ್ನೂ ಹೆಚ್ಚು. ನಿಮ್ಮ ಮಾಡು 110 ಚದರ ಮೀಟರ್ ಎಂದಿಟ್ಟುಕೊಂಡರೆ ಹದಿನಾರು ಟನ್ ದಾಟಿತು. ಅದರ ಮೇಲೆ ಹಿಮ. ಇಟಲಿಯ ಕಟ್ಟಡ ಸಂಹಿತೆಯಲ್ಲಿ ಕೂನೆಯೊ ಪ್ರಾಂತ್ಯ ಆಲ್ಪ್ಸ್ ವಲಯಕ್ಕೆ ಸೇರುತ್ತದೆ. ಅಲ್ಲಿ 1,300 ಮೀಟರ್ ಎತ್ತರಕ್ಕೆ ಲೆಕ್ಕ ಹಾಕಿದರೆ ಮಾಡಿನ ಮೇಲೆ ಚದರ ಮೀಟರಿಗೆ ಸುಮಾರು 470 ಕಿಲೋ ಹಿಮಭಾರ ಬರುತ್ತದೆ. ಕಲ್ಲಿನ ಮೂರು ಪಟ್ಟು. ಇಷ್ಟನ್ನು ಹೊರುವುದು ಲಾರ್ಚ್ ಮರದ ತೊಲೆಗಳು. ತೊಲೆಯ ನಡುಭಾಗ ನೋಡಿ ಮೋಸಹೋಗಬೇಡಿ, ಅದು ಇನ್ನೂರು ವರ್ಷವಾದರೂ ಕಬ್ಬಿಣದಂತಿರುತ್ತದೆ. ಗೋಡೆಯೊಳಗೆ ಹುದುಗಿದ ತುದಿಯೇ ಕೊಳೆಯುವುದು. ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಗೋಡೆಗೆ ತಾಗಿದ ಕಡೆ ಚುಚ್ಚಿ. ಎರಡು ಇಂಚು ಸರಾಗವಾಗಿ ಒಳಹೋದರೆ ಆ ತೊಲೆಯ ಆಸೆ ಬಿಡಿ.

ಗೋಡೆ ಅರವತ್ತು ಸೆಂಟಿಮೀಟರ್ ದಪ್ಪವಿದೆ ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅದು ಸಾಮಾನ್ಯವಾಗಿ ಒಂದೇ ಗೋಡೆಯಲ್ಲ. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಚೂರುಕಲ್ಲು ಮಣ್ಣು ತುಂಬಿದ ಚೀಲ. ಎರಡೂ ಪದರಗಳನ್ನು ಹಿಡಿದಿಡುವ ಅಡ್ಡಗಲ್ಲುಗಳು ಎಷ್ಟಿವೆ ಎನ್ನುವುದರ ಮೇಲೆ ಗೋಡೆಯ ಆಯುಷ್ಯ ನಿಂತಿದೆ. ಹೊರಪದರ ಹೊಟ್ಟೆ ಬಿಟ್ಟುಕೊಂಡಂತೆ ಉಬ್ಬಿದ್ದರೆ ಒಳಗಿನ ಭರ್ತಿ ಕೆಳಗೆ ಇಳಿದು ಪದರಗಳನ್ನು ದೂಡುತ್ತಿದೆ ಎಂದರ್ಥ.

ದಯವಿಟ್ಟು ಸಿಮೆಂಟ್ ಹಚ್ಚಿಸಬೇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಹಳೆಯ ಸುಣ್ಣದ ಗಾರೆ ನೀರು ಕುಡಿದು ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರು ಒಳಗೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಕಲ್ಲಿನ ಮುಖವನ್ನೇ ಕಿತ್ತು ಹಾಕುತ್ತದೆ. ಅಲ್ಲಿಯ ಮೇಸ್ತ್ರಿಗಳಲ್ಲೂ ಅರ್ಧ ಜನ "ಸಿಮೆಂಟ್ ಗಟ್ಟಿ" ಎಂದೇ ಹೇಳುವವರು. ನೀವು ಹೈಡ್ರಾಲಿಕ್ ಸುಣ್ಣವೇ (ನೀರು ಸೇರಿದರೆ ಗಟ್ಟಿಯಾಗುವ ಸುಣ್ಣ) ಬೇಕೆಂದು ಪಟ್ಟು ಹಿಡಿಯಿರಿ.

ಇನ್ನೊಂದು. ಗೋಡೆಯ ತಲೆಯ ಮೇಲೆ ಭಾರಿ ಕಾಂಕ್ರೀಟ್ ಬೀಮ್ ಸುತ್ತಿಸುವ ಸಲಹೆ ಬಂದೇ ಬರುತ್ತದೆ. 1997ರಲ್ಲಿ ಉಂಬ್ರಿಯಾ ಭೂಕಂಪದಲ್ಲಿ ಇಂಥ ಬೀಮ್ ಹಾಕಿದ ಎಷ್ಟೋ ಮನೆಗಳಲ್ಲಿ ಬೀಮ್ ಗಟ್ಟಿಯಾಗಿ ಉಳಿದು, ಕೆಳಗಿನ ಬಡಪಾಯಿ ಗೋಡೆ ಪುಡಿಯಾಯಿತು. ಅದಕ್ಕಿಂತ ಹಳಬರ ಉಪಾಯವೇ ವಾಸಿ: ಎದುರುಬದುರು ಗೋಡೆಗಳನ್ನು ಕಬ್ಬಿಣದ ಸರಳಿನಿಂದ ಬಿಗಿದು ಹೊರಗೆ ಬಿಲ್ಲೆ ಹಾಕುವುದು. ಇಟಲಿಯ ಹಳೇ ಮನೆಗಳ ಹೊರಗೋಡೆಯಲ್ಲಿ ಕಾಣುವ ಕಬ್ಬಿಣದ ಗುಣಿಸು ಗುರುತುಗಳು ಅಲಂಕಾರಕ್ಕಲ್ಲ.

ಮೂರನೇ ಪಾಲು

ನಮ್ಮ ಸೀಮೆಯಲ್ಲಿ ಆ ಸರಳುಗಳಿಲ್ಲದ ಮನೆಯೇ ಇಲ್ಲ. 1920ರ ಸೆಪ್ಟೆಂಬರ್ 7ರ ಭೂಕಂಪದಲ್ಲಿ ಫಿವಿತ್ಸಾನೊ ಊರು ನೆಲಸಮವಾದಷ್ಟೇ ಆಯಿತು. ಇವತ್ತಿಗೂ ಮುದುಕರು ಮನೆ ನೋಡಲು ಬಂದರೆ ಮೊದಲು ಕಣ್ಣು ಹಾಯಿಸುವುದು ಆ ಕಬ್ಬಿಣದ ಬಿಲ್ಲೆಗಳ ಮೇಲೆ.

ಚಳಿಯ ಊರು (ಬೊಲ್ಝಾನೊ)

ಪಾಲಿನ ಮಾತು ಬಂತು ಎಂದು ಹೇಳುತ್ತಿದ್ದೇನೆ. ನಾವಿರುವ ದಕ್ಷಿಣ ತಿರೋಲ್‌ನಲ್ಲಿ ರೈತರ ಮನೆ ಮತ್ತು ಜಮೀನನ್ನು ಒಡೆಯುವಂತಿಲ್ಲ. 'ಮುಚ್ಚಿದ ಮನೆ' ಎಂಬ ಪದ್ಧತಿ, ಇಡಿಯಾಗಿ ಒಬ್ಬನೇ ವಾರಸುದಾರನಿಗೆ ಹೋಗುತ್ತದೆ, ಉಳಿದವರಿಗೆ ಹಣ. ಇಲ್ಲಿ ಪಾಳುಬಿದ್ದ ಮನೆಗಳು ಕಡಿಮೆ, ಮಾರಾಟಕ್ಕೂ ಅಪರೂಪ. ಕೂನೆಯೊ ಕಡೆ ಎಲ್ಲ ಮಕ್ಕಳಿಗೂ ಪಾಲು ಕೊಟ್ಟರು, ಕೊನೆಗೆ ಯಾರಿಗೂ ಸಾಲಲಿಲ್ಲ. ಭೂದಾಖಲೆಯೂ ಇಲ್ಲಿ ಆಸ್ಟ್ರಿಯಾ ಕಾಲದ್ದು, ಪುಸ್ತಕದಲ್ಲಿ ಹೆಸರಿದ್ದವನೇ ಮಾಲೀಕ. ನಿಮ್ಮ ಗೋಳು ಓದಿ ನಮಗೆ ಪುಣ್ಯ ಎನಿಸಿತು. ಬೆಲೆ ಮಾತ್ರ ಕೇಳಬೇಡಿ.

ತುಂಗೆಯ ದಡ

ಒಬ್ಬನಿಗೇ ಕೊಟ್ಟರೆ ಉಳಿದ ಮಕ್ಕಳ ಗತಿ? ಅಳಿಯಕಟ್ಟು, ಮಕ್ಕಳಕಟ್ಟು ಎಲ್ಲ ನೋಡಿದವರು ನಾವು. ಇರಲಿ, ಅದು ಬೇರೆ ಚರ್ಚೆ. ನನಗೆ ಕುತೂಹಲವಿರುವುದು ಇದು: ಆ ಕೇರಿಯ ಜನ ಎಲ್ಲಿಗೆ ಹೋದರು?

ಗಿರಿಯ ಬದಿ

ಸರ್, ಅದನ್ನು ಕೇಳಿಯೇ ನನಗೆ ಈ ಕಣಿವೆಯ ಹುಚ್ಚು ಹಿಡಿದದ್ದು. ಬೆಟ್ಟದಲ್ಲಿ ಬೇಸಾಯ ಆರು ತಿಂಗಳು ಮಾತ್ರ. ಉಳಿದ ಆರು ತಿಂಗಳು ಗಂಡಸರು ಊರು ಬಿಟ್ಟು ಹೋಗುತ್ತಿದ್ದರು. ವಾಲ್ ಮೈರಾದವರು ಉಪ್ಪು ಹಾಕಿದ ಅಂಚೋವಿ ಮೀನನ್ನು ಗಾಡಿಯಲ್ಲಿ ತಳ್ಳಿಕೊಂಡು ಬಯಲುಸೀಮೆಯ ಊರೂರು ಮಾರುತ್ತಿದ್ದರು. ಸಮುದ್ರವೇ ಇಲ್ಲದ ಕಣಿವೆಯವರು ಮೀನು ವ್ಯಾಪಾರಿಗಳು! ಚೆಲ್ಲೆ ದಿ ಮಾಕ್ರಾ ಎಂಬ ಹಳ್ಳಿಯಲ್ಲಿ ಅವರದ್ದೇ ಒಂದು ವಸ್ತುಸಂಗ್ರಹಾಲಯವಿದೆ. ಇನ್ನೂ ಮೇಲಿರುವ ಎಲ್ವಾ ಊರಿನವರದು ಅದಕ್ಕಿಂತ ವಿಚಿತ್ರ ಕಸುಬು. ಹಳ್ಳಿ ಹಳ್ಳಿ ಸುತ್ತಿ ಹೆಂಗಸರ ಕೂದಲು ಕೊಂಡು, ಬಿಡಿಸಿ, ಬಾಚಿ, ವಿಗ್ ಮಾಡುವವರಿಗೆ ಮಾರುವುದು. ಅದಕ್ಕೂ ಸಂಗ್ರಹಾಲಯವಿದೆ. ನನ್ನ ಹೆಂಡತಿ ಅಲ್ಲಿಯ ಜಡೆಗಳನ್ನು ನೋಡಿ "ತಿರುಪತಿಯ ಮುಡಿ ನೆನಪಾಯಿತು" ಎಂದಳು.

ಎರಡನೇ ಮಹಾಯುದ್ಧದಲ್ಲಿ ಈ ಪ್ರಾಂತ್ಯದ ಹುಡುಗರೇ ತುಂಬಿದ್ದ ಕೂನೆಯೆನ್ಸೆ ಎಂಬ ಪರ್ವತ ಸೇನಾ ವಿಭಾಗ 1943ರ ಜನವರಿಯಲ್ಲಿ ರಷ್ಯಾದ ಹಿಮದಲ್ಲಿ ನಿರ್ನಾಮವಾಯಿತು. ಅರವತ್ತರ ದಶಕದಲ್ಲಿ ಉಳಿದವರನ್ನು ಕಾರ್ಖಾನೆಗಳು ಕರೆದವು: ತೋರಿನೊದ ಫಿಯಟ್, ಕೂನೆಯೊದ ಮಿಶೆಲಿನ್. ತಿಂಗಳು ತಿಂಗಳು ಸಂಬಳ, ಮನೆಯೊಳಗೆ ನಲ್ಲಿ. ಬೆಟ್ಟದಲ್ಲಿ ಉಳಿದದ್ದು ಕಲ್ಲು.

ಲೆಕ್ಕದ ಮನುಷ್ಯ

ಜನ ಬಿಟ್ಟುಹೋದ ಎಲ್ಲ ಊರುಗಳೂ ಸತ್ತಿಲ್ಲ. ಅದೇ ಪ್ರಾಂತ್ಯದ ಪೋ ಕಣಿವೆಯಲ್ಲಿ ಒಸ್ತಾನಾ ಎಂಬ ಊರು ಎಂಬತ್ತರ ದಶಕದಲ್ಲಿ ಚಳಿಗಾಲಕ್ಕೆ ಬೆರಳೆಣಿಕೆಯ ಜನಕ್ಕೆ ಇಳಿದಿತ್ತು. ಕಲ್ಲು ಮತ್ತು ಮರದಲ್ಲೇ, ಹಳೆಯ ರೀತಿಗೆ ಹೊಂದುವಂತೆ ಕಟ್ಟಬೇಕೆಂದು ಹಠ ಹಿಡಿದು ಮತ್ತೆ ಜನ ಬಂದು ನೆಲೆಸಿದರು. ಸ್ತೂರಾ ಕಣಿವೆಯ ಪರಲೂಪ್ ಕೂಡ ನೋಡಿ ಬನ್ನಿ. ಯುದ್ಧಕಾಲದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದವರ ನೆಲೆ ಅದು. ಅಲ್ಲಿ ಪಾಳುಗೋಡೆಗಳನ್ನು ಇದ್ದಂತೆಯೇ ಉಳಿಸಿಕೊಂಡು ಒಳಗೆ ಮರದ ಹೊಸ ಕೋಣೆಗಳನ್ನು ಕೂರಿಸಿದ್ದಾರೆ. ಗೋಡೆ ಎಲ್ಲಿ ಕುಸಿದಿತ್ತು ಎಂಬುದು ಇವತ್ತಿಗೂ ಕಾಣುತ್ತದೆ. ನನ್ನ ಪ್ರಕಾರ ಅದೇ ಪ್ರಾಮಾಣಿಕ ದುರಸ್ತಿ. ಎಲ್ಲರೂ ಒಪ್ಪುವುದಿಲ್ಲ.

ಒಂದು ಒಳ್ಳೆಯ ಸುದ್ದಿ. ನಿಮ್ಮ ಮನೆ 1,600 ಮೀಟರಿಗಿಂತ ಕೆಳಗಿದೆ. ಆಲ್ಪ್ಸ್‌ನಲ್ಲಿ ಅದಕ್ಕಿಂತ ಮೇಲಿನದ್ದೆಲ್ಲ, ಅಪೆನ್ನೀನ್ ಪರ್ವತಸಾಲಿನಲ್ಲಿ 1,200 ಮೀಟರಿಗಿಂತ ಮೇಲಿನದ್ದೆಲ್ಲ, 2004ರ ಸಾಂಸ್ಕೃತಿಕ ಸಂಪತ್ತು ಮತ್ತು ಭೂದೃಶ್ಯ ಸಂಹಿತೆಯಡಿ ತಾನಾಗಿಯೇ ಸಂರಕ್ಷಿತ ಭೂದೃಶ್ಯ. ಆದರೆ ಕಾಡೂ ಸಂರಕ್ಷಿತವೇ, ತೊರೆಯಿಂದ 150 ಮೀಟರ್ ಒಳಗಿನ ಜಾಗವೂ ಹೌದು. ಹಳೆಯ ಹೊಲ ಬಿಟ್ಟುಬಿಟ್ಟು ಕಾಡಾಗಿದ್ದರೆ ಕಾನೂನಿನ ಕಣ್ಣಿಗೂ ಅದು ಕಾಡೇ ಆಗಿರಬಹುದು. ವಿಚಾರಿಸಿ.

ಚಳಿಯ ಊರು

ಬೇಸಿಗೆಯಲ್ಲಿ ಮಾತ್ರ ನೋಡಿದ್ದೀರಾ? ಜನವರಿಯಲ್ಲಿ ಹೋಗಿ ನೋಡದೆ ಒಂದು ಸೆಂಟೂ ಕೊಡಬೇಡಿ. ಒಸ್ಸೊಲಾ ಕಡೆ ವಿಗನೆಲ್ಲಾ ಎಂಬ ಹಳ್ಳಿಗೆ ನವೆಂಬರ್ 11ರಿಂದ ಫೆಬ್ರವರಿ 2ರವರೆಗೆ ಬಿಸಿಲೇ ಬೀಳುವುದಿಲ್ಲ. 2006ರಲ್ಲಿ ಎದುರಿನ ಬೆಟ್ಟದ ಮೇಲೆ ದೊಡ್ಡ ಕನ್ನಡಿ ನಿಲ್ಲಿಸಿ ಊರಿನ ಚೌಕಕ್ಕೆ ಬಿಸಿಲು ಬೀಳಿಸಿಕೊಂಡರು. ನಿಮಗೆ ಕನ್ನಡಿ ಕೊಳ್ಳುವ ಯೋಗ್ಯತೆ ಇದೆಯೇ?

ಗಿರಿಯ ಬದಿ (ಮೂರು ತಿಂಗಳ ನಂತರ)

ಹೋಗಿ ಬಂದೆ. ಜನವರಿಯ ಎರಡನೇ ವಾರ. ಕೇರಿಯ ಕೆಳಗಿನ ತಿರುವಿನವರೆಗೆ ಮಾತ್ರ ಹಿಮ ತೆಗೆದಿದ್ದರು, ಅಲ್ಲಿಂದ ನಲವತ್ತು ನಿಮಿಷ ನಡಿಗೆ. ನಮ್ಮ ಮನೆ (ನೋಡಿ, ಆಗಲೇ ನಮ್ಮ ಮನೆ ಎನ್ನುತ್ತಿದ್ದೇನೆ) ಬಿಸಿಲ ಬದಿಯಲ್ಲೇ ಇದೆ. ಹತ್ತೂವರೆಗೆ ಬಂದ ಬಿಸಿಲು ಮೂರರವರೆಗೆ ಇತ್ತು. ಎದುರಿನ ಇಳಿಜಾರಿನ ಕೇರಿ ಇಡೀ ದಿನ ನೀಲಿ ನೆರಳಿನಲ್ಲೇ ಇತ್ತು. ಈ ಕಣಿವೆಯವರಿಗೆ ಬಿಸಿಲ ಬದಿಗೊಂದು, ನೆರಳ ಬದಿಗೊಂದು ಬೇರೆ ಬೇರೆ ಹೆಸರೇ ಇದೆ.

ಹೊಗೆ ಏಳುವ ಎರಡು ಮನೆಗಳಲ್ಲಿ ಒಂದರ ಮುದುಕರು ನಾವು ಬಂದದ್ದು ನೋಡಿ ಹೊರಬಂದರು. ಎಂಬತ್ತು ದಾಟಿದೆ. ಏಕೆ ಬಂದಿರಿ, ಯಾವ ದೇಶ, ಏನೂ ಕೇಳಲಿಲ್ಲ. ಮಾಡಿನಿಂದ ಜಾರಿ ಹಿಮದಲ್ಲಿ ಬಿದ್ದಿದ್ದ ಲೋಸೆಗಳ ರಾಶಿಯತ್ತ ಹೋದರು, ಜೇಬಿನಿಂದ ಸಣ್ಣ ಸುತ್ತಿಗೆ ತೆಗೆದರು. ಒಂದು ಚಪ್ಪಡಿಯನ್ನು ಎಡಗೈಯ ಬೆರಳುಗಳ ಮೇಲೆ ತೂಗುಹಾಕಿದಂತೆ ಹಿಡಿದು, ಬಲಗೈಯಿಂದ ಮೆಲ್ಲಗೆ ಬಡಿದರು. ಠಣ್ ಎಂದಿತು. ಪಕ್ಕಕ್ಕೆ ಗೋಡೆಗೆ ಒರಗಿಸಿದರು. ಇನ್ನೊಂದು ಬಡಿದರು, ದೊಪ್ ಎಂದಿತು. ಕಣ್ಣಿಗೆ ಎರಡರಲ್ಲೂ ಬಿರುಕಿಲ್ಲ. ಆದರೂ ಎರಡನೆಯದನ್ನು ಎಸೆದರು. ಸಂತೆಯಲ್ಲಿ ನನ್ನ ಅಜ್ಜಿ ಮಡಕೆಯನ್ನು ಬೆರಳಿನಿಂದ ಬಡಿದು ಕಿವಿ ಕೊಡುತ್ತಿದ್ದಳಲ್ಲ, ಅದೇ ಮುಖಭಾವ. ಒಂದು ಗಂಟೆಯಲ್ಲಿ ಅರವತ್ತೆರಡು ಚಪ್ಪಡಿ ಬಡಿದರು, ನಲವತ್ತೊಂದು ಪಾಸಾದವು. ಹೊಸ ಕಲ್ಲು ಬೇಕಾದರೆ ಬಾರ್ಜೆ, ಬಾನ್ಯೊಲೊ ಕಡೆಯ ಗಣಿಗಳಿಂದ ತರಿಸಬೇಕು, ಈಗ ಅಲ್ಲಿ ಕಲ್ಲು ಸೀಳುವವರಲ್ಲಿ ಚೀನಾದಿಂದ ಬಂದವರೇ ಬಹಳ ಎಂದರು. ಅದರಲ್ಲಿ ದೂರೇನೂ ಇರಲಿಲ್ಲ. "ಅವರ ಕೈ ಚೆನ್ನಾಗಿದೆ" ಎಂದರು.

ಲೆಕ್ಕದ ಮನುಷ್ಯರೇ, ಸ್ಕ್ರೂಡ್ರೈವರ್ ಪರೀಕ್ಷೆಯನ್ನೂ ಮಾಡಿದೆ. ಒಂಬತ್ತು ತೊಲೆಗಳಲ್ಲಿ ನಾಲ್ಕು ಹೋಗಿವೆ. ಗೋಡೆಯ ಒಂದು ಸಂದಿಗೆ ಕೈ ಹಾಕಿದರೆ ಒಳಗಿನ ಗಾರೆ ರಾಗಿಹಿಟ್ಟಿನಂತೆ ಸುರಿಯಿತು, ಗಾಬರಿಯಾಗಿ ಕೈ ತೆಗೆದೆ.

ಲೆಕ್ಕದ ಮನುಷ್ಯ

ಗಾರೆ ಸುರಿಯುವುದು ಸಾಮಾನ್ಯ, ಅದಕ್ಕೆ ಸುಣ್ಣದ ತಿಳಿಗಾರೆಯನ್ನು ಗೋಡೆಯೊಳಗೆ ತುಂಬಿಸುವ ದಾರಿ ಇದೆ. ಹೆದರಬೇಡಿ. ನಾಲ್ಕು ತೊಲೆ ಕೂಡ ದೊಡ್ಡದಲ್ಲ. ಮನೆಯ ತನಕ ವಾಹನದ ರಸ್ತೆ ಇದೆಯೇ, ಹೇಳಿ. ಇಲ್ಲದಿದ್ದರೆ ಹೆಲಿಕಾಪ್ಟರ್‌ನಲ್ಲಿ ತೊಲೆ ಇಳಿಸಬೇಕು, ಅದಕ್ಕೆ ನಿಮಿಷದ ಲೆಕ್ಕದಲ್ಲಿ ದುಡ್ಡು.

ಗಿರಿಯ ಬದಿ

ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹೋಗುತ್ತದೆ. ಕೊನೆಯ ಎಂಬತ್ತು ಮೀಟರ್ ಬೇರೆಯವರ ಜಮೀನು, ದಾರಿ ಹಕ್ಕು ಹಳೆಯ ಪತ್ರದಲ್ಲಿ ಬರೆದಿದೆ ಎಂದು ಜೆಯೊಮೆತ್ರ ಹುಡುಕಿ ಕೊಟ್ಟ. 1931ರ ಪತ್ರ, "ಹೇಸರಗತ್ತೆ ಮತ್ತು ಹುಲ್ಲಿನ ಹೊರೆಯೊಂದಿಗೆ ಹೋಗಿಬರಲು" ಎಂದಿದೆಯಂತೆ. ಟ್ರ್ಯಾಕ್ಟರ್ ಹೇಸರಗತ್ತೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಈಗ ನೊತಾಯೊ ಯೋಚಿಸುತ್ತಿದ್ದಾರೆ.

ತುಂಗೆಯ ದಡ

ಇದನ್ನು ಓದಿ ಒಬ್ಬನೇ ಕೂತು ನಕ್ಕೆ. ನಮ್ಮ ತೋಟದ ಪತ್ರದಲ್ಲಿ "ಎತ್ತಿನ ಗಾಡಿ ಹೋಗುವಷ್ಟು" ಎಂದಿದೆ. ಅದರ ಮೇಲೆ ಎರಡು ಕೇಸು ನಡೆದಿವೆ.

ಹೊಸ ಹೆಜ್ಜೆ

ಸರ್ಕಾರದಿಂದ ದುರಸ್ತಿಗೆ ಸಹಾಯಧನ ಇಲ್ಲವೇ? 110 ಪರ್ಸೆಂಟ್ ಕೊಡುತ್ತಾರೆ ಎಂದು ಕೇಳಿದ್ದೆ.

ಲೆಕ್ಕದ ಮನುಷ್ಯ

2020ರಲ್ಲಿ ಬಂದ ಆ ಯೋಜನೆಯ ಕಾಲ ಮುಗಿಯಿತು. ಆಗ ಇಡೀ ದೇಶದಲ್ಲಿ ಸಾರುವೆ ಕಂಬ ಸಿಗದ ಸ್ಥಿತಿ ಬಂದಿತ್ತು. 2025ರ ನಿಯಮದಂತೆ ದುರಸ್ತಿ ಖರ್ಚಿನಲ್ಲಿ ಸ್ವಂತ ವಾಸದ ಮನೆಗೆ ಶೇಕಡಾ 50, ಬೇರೆ ಮನೆಗೆ ಶೇಕಡಾ 36 ಆದಾಯ ತೆರಿಗೆಯಲ್ಲಿ ಕಡಿತ. 96,000 ಯೂರೋ ಖರ್ಚಿನವರೆಗೆ ಮಾತ್ರ, ಅದೂ ಹತ್ತು ವರ್ಷಗಳ ಕಂತಿನಲ್ಲಿ. ಕೈಗೆ ಕೊಡುವ ಹಣವಲ್ಲ. ಇಲ್ಲಿ ತೆರಿಗೆ ಕಟ್ಟುವವರಿಗಷ್ಟೇ ಪ್ರಯೋಜನ. ಮೇಸ್ತ್ರಿಗೆ ನಗದು ಕೊಟ್ಟರೆ ಅದೂ ಇಲ್ಲ, ಬ್ಯಾಂಕಿನ ನಿರ್ದಿಷ್ಟ ನಮೂನೆಯಲ್ಲೇ ಪಾವತಿಸಬೇಕು.

ಗಿರಿಯ ಬದಿ (ಮತ್ತೆ ಎರಡು ತಿಂಗಳ ನಂತರ)

ವರದಿ ಒಪ್ಪಿಸುತ್ತೇನೆ. ಏಳು ಹೆಸರುಗಳು ಬಿಡಿಸುತ್ತಾ ಹೋದಂತೆ ಹದಿಮೂರು ಜೀವಗಳಾದವು. ಒಂದು ಕವಲು ಅರ್ಜೆಂಟೀನಾದಲ್ಲಿದೆ; ಅವರು ಎರಡೇ ವಾರದಲ್ಲಿ ಅಧಿಕಾರಪತ್ರ ಕಳುಹಿಸಿದರು, ಜೊತೆಗೆ ಮನೆಯ ಫೋಟೋ ಬೇಕೆಂದು ಕೇಳಿದರು. ಪಕ್ಕದ ಹೊಲದ ರೈತ "ನನಗೆ ಬೇಡ" ಎಂದು ಸಹಿ ಮಾಡಿದ. ಹಿಮ ತೆಗೆಯುವ ದಿನ ನಮ್ಮ ಮನೆಯ ದಾರಿಯನ್ನೂ ತೆಗೆಯುತ್ತೇನೆ, ಬದಲಿಗೆ ಹುಲ್ಲು ಕೊಯ್ಯಲು ಬಿಡಿ ಎಂದ. ಬಾಯಿಮಾತು, ಆದರೆ ಒಪ್ಪಿಕೊಂಡೆ. ಮೇಡಂ ಬೈಯಬೇಡಿ. ಹಣವನ್ನು, ಪತ್ರ ನೋಂದಣಿಯಾಗುವವರೆಗೆ ನೊತಾಯೊ ಖಾತೆಯಲ್ಲೇ ಇಡುವ ವ್ಯವಸ್ಥೆ ಮಾಡಿಕೊಂಡೆವು.

ಹನ್ನೆರಡು ಮಂದಿ ಒಪ್ಪಿದ್ದಾರೆ. ಹದಿಮೂರನೆಯವರು ಫ್ರಾನ್ಸಿನ ಮಾರ್ಸೇಯಲ್ಲಿರುವ ಒಬ್ಬ ಅಜ್ಜಿ, 84 ವರ್ಷ, ಒಂಬತ್ತನೇ ಒಂದು ಪಾಲು. ಮಾರಲು ತಕರಾರಿಲ್ಲ, ಆದರೆ ಮನೆಯ ಪಕ್ಕಕ್ಕೆ ಅಂಟಿಕೊಂಡಿರುವ ಬ್ರೆಡ್ ಒಲೆಯನ್ನು ಬಿಡುವುದಿಲ್ಲ. ಕೇರಿಗೆಲ್ಲ ಅದೊಂದೇ ಒಲೆಯಾಗಿತ್ತಂತೆ. ವರ್ಷಕ್ಕೆ ಒಂದೋ ಎರಡೋ ಸಲ ಉರಿ ಹಾಕಿ, ಇಡೀ ಚಳಿಗಾಲಕ್ಕಾಗುವಷ್ಟು ಬ್ರೆಡ್ ಸುಟ್ಟು, ಒಣಗಿಸಿ, ಆಮೇಲೆ ಅದನ್ನು ಕತ್ತರಿಸಲು ಬೇರೆಯದೇ ಒಂದು ಕತ್ತಿ ಇಟ್ಟುಕೊಳ್ಳುತ್ತಿದ್ದರು. ತನ್ನ ತಾಯಿ ಹಿಟ್ಟು ನಾದುತ್ತಿದ್ದ ಕಲ್ಲು ಅಲ್ಲೇ ಇದೆ ಎಂದರು ಫೋನಿನಲ್ಲಿ. ಒಲೆಯ ಪಕ್ಕದ ಕೈತೋಟದ ಸಣ್ಣ ತುಂಡನ್ನು ತಾವೇ ಇಟ್ಟುಕೊಂಡು, ಒಲೆ ಬಳಸುವ ಹಕ್ಕನ್ನು ಪತ್ರದಲ್ಲಿ ಬರೆದುಕೊಡಿ ಎನ್ನುತ್ತಾರೆ.

ತೊಂದರೆ ಏನೆಂದರೆ ಒಲೆಯ ಹೊಗೆಗೂಡು ನಮ್ಮ ಅಡುಗೆಮನೆಯ ಗೋಡೆಯೊಳಗೇ ಹಾದುಹೋಗುತ್ತದೆ. ಇದನ್ನು ಹೇಗೆ ಬರೆಸಬೇಕು?

ಮೂರನೇ ಪಾಲು

ಎರಡು ದಾರಿ ಇವೆ. ಅಜ್ಜಿಗೆ ಮಾತ್ರ ಬಳಕೆಯ ಹಕ್ಕು ಎಂದು ಬರೆಸಿದರೆ ಅದು ಅವರ ಜೀವಿತಕಾಲಕ್ಕೆ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಅವರು ಕೇಳುತ್ತಿರುವಂತೆ ಕೈತೋಟದ ತುಂಡಿಗೆ ಸೇರಿದ ಹಕ್ಕು ಎಂದು ಬರೆಸಿದರೆ ಅದು ಜಮೀನಿನ ಜೊತೆಗೇ ಅಂಟಿಕೊಳ್ಳುತ್ತದೆ, ತುಂಡು ಯಾರ ಕೈಗೆ ಹೋದರೂ ಅವರು ಬಂದು ನಿಮ್ಮ ಗೋಡೆಯೊಳಗೆ ಹೊಗೆ ಬಿಡಬಹುದು. ಹೊಗೆಗೂಡನ್ನು ಯಾರು ಗುಡಿಸಬೇಕು, ಬಿರುಕು ಬಿಟ್ಟರೆ ಯಾರ ಖರ್ಚು, ಅದನ್ನೂ ಬರೆಸಿ. ಮೊದಲು ಅಜ್ಜಿಯನ್ನೇ ಕೇಳಿ, ಒಲೆ ಅವರಿಗಾಗಿ ಬೇಕೋ, ಇನ್ನಾರಿಗೋ?

ಗಿರಿಯ ಬದಿ

ಇವತ್ತು ಕೇಳಿದೆ. ಮೊಮ್ಮಗನಿಗಂತೆ. ಅವನಿಗೆ ಆರು ವರ್ಷ.

ತುಂಗೆಯ ದಡ

ಹೊಗೆಗೂಡನ್ನು ಈಗಲೇ ಎರಡು ಇಂಚು ಅಗಲ ಮಾಡಿಸಿಬಿಡಿ.